ಉಪಾಧ್ಯಾಯರ ಸಿದ್ಧತೆ: ಮರಳಿನಿಂದ ಪೀಠದವರೆಗೆ

ಬಲ್ಲವನು ಕಲಿಸಲೂ ಬಲ್ಲನೆಂಬ ಎಣಿಕೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು. ಶಾಸ್ತ್ರವನ್ನು ಓದಿ ಮುಗಿಸಿದವನು ಮರುದಿನವೇ ಪಾಠ ಹೇಳಲು ಕುಳಿತುಕೊಳ್ಳಬಹುದು, ಅದಕ್ಕೆ ಬೇರೊಂದು ಸಿದ್ಧತೆ ಏತಕ್ಕೆಂದು ನಾನೂ ಪಾಠಶಾಲೆಯಿಂದ ಹೊರಬಿದ್ದ ಕಾಲದಲ್ಲಿ ನಿಸ್ಸಂಶಯವಾಗಿ ನಂಬಿದ್ದೆನು. ಕಾಳಿದಾಸನು ಹಾಗೆ ನಂಬಿದವನಲ್ಲ. ಮಾಳವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಹೆಚ್ಚಿನವರಾರೆಂದು ಜಗಳವಾಡಿಕೊಂಡು ಅರಸನ ಬಳಿಗೆ ಬರುವರಷ್ಟೆ. ಆಗ ಪರಿವ್ರಾಜಿಕೆಯು ಆಚಾರ್ಯರನ್ನೇ ಕುಣಿಸಿ ನೋಡದೆ ಅವರವರ ಶಿಷ್ಯರ ಪ್ರಯೋಗವನ್ನು ನೋಡಿ ತೀರ್ಮಾನಿಸಬೇಕೆಂದು ಗೊತ್ತುಮಾಡುವಳು. ತಿಳಿವು ಒಂದು, ತಿಳಿಸುವ ಶಕ್ತಿ ಮತ್ತೊಂದು. ಈ ವಿವೇಕವನ್ನು ವಿಶ್ವವಿದ್ಯಾನಿಲಯಗಳು ಒಪ್ಪಿಕೊಂಡು, ಶಾಲೆಯ ಉಪಾಧ್ಯಾಯನಾಗತಕ್ಕವನನ್ನು ಅಣಿಗೊಳಿಸುವುದೂ ತಮ್ಮ ಕೆಲಸವೇ ಎಂದು ಕೈಕೊಂಡುದು ಬಹು ಈಚಿನ ಸಂಗತಿ. ಆ ಚರಿತ್ರೆಯ ಒಂದು ಎಳೆಯು ನಮ್ಮ ದಕ್ಷಿಣದೇಶದ ಮರಳಿನ ಮೇಲೆಯೇ ಆರಂಭವಾಗಿರುವುದರಿಂದ ಅದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯಲೆಳಸಿದ್ದೇನೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ 1753ರಲ್ಲಿ ಹುಟ್ಟಿದ ಆಂಡ್ರೂ ಬೆಲ್ ಎಂಬಾತನು 1787ರಲ್ಲಿ ಮದರಾಸಿಗೆ ಬಂದು, ಎರಡು ವರ್ಷಗಳ ಮೇಲೆ ಎಗ್ಮೂರಿನಲ್ಲಿ ಐರೋಪ್ಯ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಏರ್ಪಟ್ಟ ಆಶ್ರಮಕ್ಕೆ ಮೇಲ್ವಿಚಾರಕನಾದನು. ಅಲ್ಲಿ ಪಾಠ ಹೇಳುತ್ತಿದ್ದವರ ಕೆಲಸ ಅವನಿಗೆ ಸರಿಬೀಳಲಿಲ್ಲ. ಒಂದು ದಿನ ಅವನು ಕುದುರೆಯೇರಿ ಹೋಗುತ್ತಿರುವಾಗ ದೇಶೀಯರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿರುವುದನ್ನು ಕಂಡನಂತೆ. ಆಗಿನ ಇಂಗ್ಲೀಷಿನವರು ಇಂಥ ಶಾಲೆಯನ್ನು ಮಲಬಾರ್ ಶಾಲೆ ಎನ್ನುತ್ತಿದ್ದರು. ತಮಿಳನ್ನೇ ಅವರು ಮಲಬಾರ್ ಎಂದು ಕರೆಯುತ್ತಿದ್ದ ಕಾಲವದು. ಬೆಲ್ಲನು ಆಶ್ರಮಕ್ಕೆ ಹಿಂದಿರುಗಿ, ಅತ್ಯಂತ ಕೆಳಗಿನ ತರಗತಿಗೆ ಮರಳಿನ ಮೇಲೆಯೇ ಅಕ್ಷರ ಕಲಿಸಬೇಕೆಂದು ಅಪ್ಪಣೆಮಾಡಿದನು. ತರಗತಿಯ ಉಪಾಧ್ಯಾಯನು, ಇದು ಆಗದ ಕೆಲಸವೆಂದು ಹಟಹಿಡಿದನು. ಬೆಲ್ಲನೂ ಬಿಡಲಿಲ್ಲ, ಆ ಉಪಾಧ್ಯಾಯನನ್ನು ಬದಿಗಿಟ್ಟು, ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನೇ ಆ ಮಕ್ಕಳಿಗೆ ಕಲಿಸಲು ನೇಮಿಸಿದನು. ಹುಡುಗನು ಕಲಿಸಿದನು, ಮಕ್ಕಳು ಕಲಿತರು. ಮುಂದೆ ಶಾಲೆಯನ್ನೆಲ್ಲ ಈ ಕ್ರಮದಲ್ಲಿಯೇ ನಡೆಸಲಾಯಿತು. 1796ರಲ್ಲಿ ತಾಯ್ನಾಡಿಗೆ ಮರಳಿದ ಬೆಲ್ಲನು ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗದ ವೃತ್ತಾಂತವನ್ನು ಪುಸ್ತಿಕೆಯಾಗಿ ಅಚ್ಚುಹಾಕಿಸಿದನು. ಮದರಾಸ್ ಪದ್ಧತಿಯೆಂದು ಲೋಕಪ್ರಸಿದ್ಧವಾದುದು ಇದೇ.

ಈ ಪದ್ಧತಿಯಲ್ಲಿ ಬೆಲ್ಲನದೆಷ್ಟು, ನಮ್ಮ ಕೂಲಿಮಠದ ಅಯ್ಯನದೆಷ್ಟು ಎಂಬುದನ್ನು ಕನ್ನಡಿಗರು ಬಳ್ಳಾರಿಯ ಕಡೆಗೆ ತಿರುಗಿ ನೋಡಿದರೆ ಚೆನ್ನಾಗಿ ತಿಳಿಯುವುದು. ಅಲ್ಲಿನ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ನೆಯ ಇಸವಿಯ ಆಗಸ್ಟಿನಲ್ಲಿ ತನ್ನ ಜಿಲ್ಲೆಯ ದೇಶೀಯ ಶಾಲೆಗಳ ವಿಚಾರವಾಗಿ ಸರ್ಕಾರಕ್ಕೆ ವಿವರವಾದ ವರದಿಯೊಂದನ್ನು ಬರೆದನು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಸಂಸ್ಕೃತದವು 23. ಬೆಳಗಿನ ಆರು ಗಂಟೆಗೆ ಶಾಲೆ ಆರಂಭ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ; ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರಿಕೆ. ನನ್ನ ತಾತನವರ ಬಾಯಲ್ಲಿಯೂ ಇಂಥ ಕಥೆಯನ್ನೇ ನಾನು ಕೇಳಿದ್ದೇನೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುವುದನ್ನೂ, ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುವುದನ್ನೂ ಕ್ಯಾಂಬೆಲ್ಲನು ವರ್ಣಿಸಿ, ಈ ಮಿತವ್ಯಯದ ಕ್ರಮವು ಇಂಗ್ಲೆಂಡಿನಲ್ಲಿ ಅನುಕರಣೆಗೆ ಪಾತ್ರವಾದುದು ಯುಕ್ತವೇ ಆಗಿದೆಯೆಂದು ಮೆಚ್ಚಿಕೊಂಡಿರುವನು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಹೊಗಳಿಕೆಯನ್ನು ಮಾತ್ರ ಎತ್ತಿ ಆಡುವವರು ಇದನ್ನು ಮರೆಯುವರು. ಈ ಶಾಲೆಗಳಲ್ಲಿ ಬಾಯಿಪಾಠವಾಗುತ್ತಿದ್ದ ಪದ್ಯಗಳ ಭಾಷೆಯು ಆಡುಮಾತಿಗೆ ದೂರವಾದುದರಿಂದ ಅವುಗಳ ಅರ್ಥವು ಶಿಷ್ಯರಿಗೂ ತಿಳಿಯದು, ಎಷ್ಟೋ ಕಡೆ ಗುರುವಿಗೂ ತಿಳಿಯದು. ಗಿಣಿಯಂತೆ ಒಪ್ಪಿಸುವುದಷ್ಟೇ ನಡೆದಿದೆಯೆಂದು ಅವನು ದೂರಿದ್ದಾನೆ. ಎಂಟು ವರ್ಷದ ಹುಡುಗನು ಅಕ್ಷರವನ್ನು ತಿದ್ದಿಸಬಲ್ಲನು, ಅರ್ಥವನ್ನು ತಿಳಿಸಲಾರನು. ಮದರಾಸ್ ಪದ್ಧತಿಯ ಬಲವೂ ದೌರ್ಬಲ್ಯವೂ ಈ ಒಂದು ವಾಕ್ಯದಲ್ಲಿ ಅಡಗಿವೆ ಎಂದು ನಾನು ತಿಳಿದಿದ್ದೇನೆ. ನಮ್ಮ ಪಾಠಶಾಲೆಯಲ್ಲಿಯೂ ಹಿರಿಯ ವಿದ್ಯಾರ್ಥಿಯು ಕಿರಿಯರಿಗೆ ಶಬ್ದಗಳನ್ನೂ ಧಾತುರೂಪಗಳನ್ನೂ ಸಂಥೆ ಹೇಳಿಸುತ್ತಿದ್ದನು. ಗುರುಗಳು ಅಡುಗೆಮನೆಯ ಬಾಗಿಲಲ್ಲಿ ಕುಳಿತು ತಪ್ಪಿದಲ್ಲಿ ಮಾತ್ರ ಕೆಮ್ಮುತ್ತಿದ್ದರು. ಆದರೆ ಸೂತ್ರವೊಂದರ ಅನುವೃತ್ತಿಯನ್ನು ಬಿಡಿಸುವ ಹೊತ್ತು ಬಂದಾಗ ಅವರು ತಾವೇ ಎದ್ದು ಬರುತ್ತಿದ್ದರು. ಸಂಥೆ ಬೇರೆ, ಪಾಠ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಇಂಗ್ಲೆಂಡಿನಲ್ಲಿ ಈ ಭೇದವನ್ನು ಮರೆತುಬಿಟ್ಟರು. ಅದಕ್ಕೆ ಹಣವೇ ಕಾರಣ. ಯಂತ್ರಶಾಲೆಗಳು ಬೆಳೆದು ಊರುಗಳಲ್ಲಿ ಬಡಮಕ್ಕಳು ತುಂಬಿಹೋದ ಕಾಲದಲ್ಲಿ ಒಬ್ಬ ಉಪಾಧ್ಯಾಯನ ಸಂಬಳದಿಂದ ನೂರಾರು ಮಕ್ಕಳಿಗೆ ಓದು ಬರುವುದೆಂದರೆ ಯಾರಿಗೆ ಬೇಡ? ಜೋಸೆಫ್ ಲ್ಯಾಂಕಾಸ್ಟರ್ ಎಂಬವನೂ 1798ರಿಂದ ಲಂಡನ್ನಿನಲ್ಲಿ ಇಂಥದೇ ಶಾಲೆಯನ್ನು ನಡೆಸಿ, ಮೊದಲು ಕಂಡವರು ಯಾರೆಂದು ಇಬ್ಬರ ಕಡೆಯವರೂ ದೀರ್ಘಕಾಲ ಕಾದಾಡಿದರು. 1811ರಲ್ಲಿ ಹುಟ್ಟಿದ ನ್ಯಾಷನಲ್ ಸೊಸೈಟಿಯು ಬೆಲ್ಲನ ಕ್ರಮವನ್ನು ಊರೂರಿಗೆ ಹರಡಿತು. ಇಂಥ ಶಾಲೆಗೆ ಉಪಾಧ್ಯಾಯನನ್ನು ತಯಾರುಮಾಡುವುದೆಂದರೆ ಕೆಲವು ವಾರ ಮಾದರಿಶಾಲೆಯಲ್ಲಿ ನಿಲ್ಲಿಸಿ ಕವಾಯತಿನ ಕ್ರಮವನ್ನು ತೋರಿಸಿ ಕಳುಹಿಸುವುದಷ್ಟೆ. ಪದ್ಧತಿಯೇ ಎಲ್ಲವನ್ನೂ ಮಾಡುತ್ತಿರುವಾಗ ಉಪಾಧ್ಯಾಯನ ಬುದ್ಧಿಗೆ ಕೆಲಸವೇನು? ಇದರಿಂದಾದ ಹಾನಿಯನ್ನು ಕಂಡವರಲ್ಲಿ ಕೇ ಷಟಲ್‌ವರ್ತ್ ಮುಖ್ಯನು. ಅವನು 1840ರಲ್ಲಿ ಬ್ಯಾಟರ್ಸಿಯಲ್ಲಿ ಉಪಾಧ್ಯಾಯರ ತರಬೇತಿನ ಶಾಲೆಯನ್ನು ತೆರೆದನು. 1846ರಲ್ಲಿ ಹದಿಮೂರು ವರ್ಷದ ಮಕ್ಕಳನ್ನು ಐದು ವರ್ಷ ಉಪಾಧ್ಯಾಯನ ಕೈಕೆಳಗೆ ಉಮೇದುವಾರರನ್ನಾಗಿ ಇರಿಸುವ ಏರ್ಪಾಡು ಅವನ ಪ್ರಯತ್ನದಿಂದ ಜಾರಿಗೆ ಬಂದಿತು. ಇವೆಲ್ಲವೂ ವಿಶ್ವವಿದ್ಯಾನಿಲಯದ ಹೊಸ್ತಿಲಿನ ಹೊರಗೆ ನಡೆದುವು. ಬಡಮಕ್ಕಳಿಗೆ ಪಾಠ ಹೇಳುವವನೂ ಬಡವನೇ. ಅವನಿಗೂ ವಿಶ್ವವಿದ್ಯಾನಿಲಯಕ್ಕೂ ಏನು ಸಂಬಂಧವೆಂದು ಆಗಿನವರ ಭಾವನೆ.

ಇಲ್ಲಿ ಚರಿತ್ರೆಯು ಒಂದು ವಿಚಿತ್ರವಾದ ತಿರುವನ್ನು ತೆಗೆದುಕೊಳ್ಳುವುದು. ಬೆಲ್ಲನು 1832ರಲ್ಲಿ ತೀರಿಕೊಂಡು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾದನು. ಇಂಡಿಯಾದ ಸೇವಾಕಾಲದಲ್ಲಿಯೂ ಆಮೇಲೆ ಚರ್ಚಿನ ಅಧಿಕಾರಗಳಿಂದಲೂ ಕೂಡಿದ ಐಶ್ವರ್ಯದಲ್ಲಿ ಅವನು ಸುಮಾರು 1,20,000 ಪೌಂಡುಗಳನ್ನು ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟಿದ್ದನು. ಅದರ ಒಂದು ಭಾಗದಿಂದ 1833ರಲ್ಲಿ ಅವನ ಹುಟ್ಟೂರಿನಲ್ಲಿ ಮದರಾಸ್ ಕಾಲೇಜು ಎಂಬ ಶಾಲೆ ತೆರೆಯಿತು; ನಮ್ಮ ಕಡಲತೀರದ ಊರೊಂದರ ಹೆಸರನ್ನು ಆ ಶಾಲೆ ಇಂದಿಗೂ ಹೊತ್ತುಕೊಂಡಿದೆ. ಮಿಕ್ಕ ಹಣವನ್ನು ನೋಡಿಕೊಳ್ಳುತ್ತಿದ್ದ ಧರ್ಮದರ್ಶಿಗಳು 1876ರಲ್ಲಿ ಎಡಿನ್‌ಬರೋ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯಗಳಲ್ಲಿ ಶಿಕ್ಷಣಶಾಸ್ತ್ರಕ್ಕೆ ಎರಡು ಪೀಠಗಳನ್ನು ಸ್ಥಾಪಿಸಿದರು. ಶಿಕ್ಷಣದ ತತ್ತ್ವ, ಚರಿತ್ರೆ, ಪ್ರಯೋಗಗಳನ್ನು ಬೋಧಿಸುವುದೇ ಅವುಗಳ ಕೆಲಸ. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಲ್ಲಿ ಈ ಶಾಸ್ತ್ರಕ್ಕೆ ಪೀಠ ದೊರೆತುದು ಇದೇ ಮೊದಲು. ಉಪಾಧ್ಯಾಯನಿಲ್ಲದಿದ್ದರೂ ಆದೀತು, ಎಂಟು ವರ್ಷದ ಹುಡುಗ ಸಾಕು ಎಂದು ತೋರಿಸಿ ಕೀರ್ತಿವಂತನಾದವನ ಹಣದಿಂದಲೇ, ಉಪಾಧ್ಯಾಯನಾಗಬೇಕಾದರೆ ವಿಶ್ವವಿದ್ಯಾನಿಲಯದಲ್ಲಿ ಶಾಸ್ತ್ರ ಓದಬೇಕು ಎನ್ನುವ ಪೀಠಗಳು ಎದ್ದುವು! ಬೆಲ್ಲನು ಬದುಕಿದ್ದರೆ ಒಪ್ಪುತ್ತಿದ್ದನೋ ಇಲ್ಲವೋ ಹೇಳಬರುವಂತಿಲ್ಲ. ಅವನು ಹಟಮಾರಿ.

ಎಡಿನ್‌ಬರೋ ಪೀಠಕ್ಕೆ ಬಂದವನು ಸೈಮನ್ ಲಾರಿ. 1903ರವರೆಗೆ ಅದನ್ನು ಅಲಂಕರಿಸಿದನು. ಸೇಂಟ್ ಆಂಡ್ರೂಸಿನದಕ್ಕೆ ಮೈಕಲ್‌ಜಾನ್ ಎಂಬವನು ಬಂದನು. ಹಳೆಯ ತಲೆಮಾರಿನ ಮೇಷ್ಟರುಗಳು ಇವನ ಹೆಸರನ್ನು ಇಂಗ್ಲೀಷು ವ್ಯಾಕರಣದ ಪುಸ್ತಕಗಳ ಮೇಲೆ ನೋಡಿರಬಹುದು. ಜರ್ಮನಿಯ ತತ್ತ್ವಜ್ಞಾನಿ ಕಾಂಟನ ಮುಖ್ಯ ಗ್ರಂಥವೊಂದನ್ನು ಇಂಗ್ಲೀಷಿಗೆ ತಂದವನೂ ಇವನೇ. ಈ ಕಾಂಟನೇ ನೂರು ವರ್ಷ ಮೊದಲು, 1776ರ ಚಳಿಗಾಲದಲ್ಲಿ, ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರದ ಉಪನ್ಯಾಸಗಳನ್ನು ಆರಂಭಿಸಿದ್ದನು; ಅಲ್ಲಿ ತತ್ತ್ವಶಾಸ್ತ್ರದ ಪಂಡಿತರು ಸರದಿಯ ಮೇಲೆ ಆ ವಿಷಯವನ್ನು ಹೇಳಬೇಕೆಂಬ ನಿಯಮವಿತ್ತು. ಹಾಲೆಯಲ್ಲಿ 1779ರಲ್ಲಿಯೇ ಟ್ರಾಪ್ ಎಂಬವನಿಗೆ ಪ್ರತ್ಯೇಕ ಪೀಠ ದೊರೆತಿತ್ತು. ಕಾಂಟನ ಪೀಠಕ್ಕೆ 1809ರಲ್ಲಿ ಬಂದ ಹರ್ಬಾರ್ಟನು ಒಂದು ಹೆಜ್ಜೆ ಮುಂದೆ ಹೋದನು. ಉಪನ್ಯಾಸದಿಂದ ಮಾತ್ರ ಉಪಾಧ್ಯಾಯನು ಹುಟ್ಟುವುದಿಲ್ಲವೆಂದು ಅವನು ತನ್ನ ವಿದ್ಯಾರ್ಥಿಗಳು ಪಾಠ ಹೇಳಿ ನೋಡುವುದಕ್ಕಾಗಿ ಕೆಲವೇ ಹುಡುಗರ ಪುಟ್ಟ ಶಾಲೆಯೊಂದನ್ನು ಕೂಡಿಸಿಕೊಂಡನು. ವೈದ್ಯವಿದ್ಯೆಗೆ ಆಸ್ಪತ್ರೆ ಹೇಗೋ ಶಿಕ್ಷಣವಿದ್ಯೆಗೆ ಶಾಲೆ ಹಾಗೆ. ಅವನು 1833ರಲ್ಲಿ ಊರು ಬಿಟ್ಟು ಹೋದನಂತರ ಆ ಶಾಲೆ ನಿಂತುಹೋಯಿತು.

ಲಾರಿಗೆ ಅಷ್ಟೂ ಇರಲಿಲ್ಲ. ಅವನಿಗೆ ಪೀಠವಿತ್ತು, ಮಕ್ಕಳಿರಲಿಲ್ಲ. ಮಕ್ಕಳೂ ಅಭ್ಯಾಸಪಾಠಗಳೂ ಇದ್ದುದು ಅದೇ ಊರಿನ ತರಬೇತಿನ ಕಾಲೇಜುಗಳಲ್ಲಿ, ಅವುಗಳಿಗೆ ಪೀಠವಿರಲಿಲ್ಲ. ಒಂದೇ ಊರಿನಲ್ಲಿ ಒಂದು ಕಡೆ ಶಾಸ್ತ್ರ, ಇನ್ನೊಂದು ಕಡೆ ಪ್ರಯೋಗ. ನಡುವೆ ಕೆಲವು ಬೀದಿಗಳು. ಈ ಬೀದಿಗಳನ್ನು ದಾಟುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಲೆಕ್ಕಹಾಕಿ ನೋಡಬೇಕು. 1925ರಲ್ಲಿ ಗಾಡ್‌ಫ್ರೆ ಥಾಮ್‌ಸನ್ ಎಂಬ ಪಂಡಿತನು ಬೆಲ್ಲನ ಹೆಸರಿನ ಪೀಠವನ್ನೂ ಮೋರೆ ಹೌಸ್ ಎಂಬ ತರಬೇತಿನ ಕಾಲೇಜಿನ ಮುಖ್ಯಸ್ಥಾನವನ್ನೂ ಒಟ್ಟಿಗೆ ವಹಿಸಿಕೊಂಡು 1951ರವರೆಗೆ ಎರಡನ್ನೂ ತಾನೊಬ್ಬನೇ ಹೊತ್ತನು. ಎರಡು ಮನೆಗಳಿಗೆ ಯಜಮಾನನು ಒಬ್ಬನಾದನು. ಮನೆಗಳು ಎರಡಾಗಿಯೇ ಉಳಿದುವು. ಮೋರೆ ಹೌಸು ವಿಶ್ವವಿದ್ಯಾನಿಲಯದಲ್ಲಿ ಸೇರಿಹೋದುದು 1998ರಲ್ಲಿ. ಪೀಠ ಹುಟ್ಟಿದ ಮೇಲೆ 122 ವರ್ಷ!

ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳು ಬೇರೆ ಬಾಗಿಲಿನಿಂದ ಒಳಗೆ ಬಂದುವು. 1888ರ ಕ್ರಾಸ್ ಆಯೋಗದ ವಿಚಾರಣೆಯ ಫಲವಾಗಿ 1890ರಲ್ಲಿ ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂ, ನಾಟಿಂಗ್‌ಹ್ಯಾಂ, ನ್ಯೂಕಾಸಲ್, ಕಾರ್ಡಿಫ್ ಪಟ್ಟಣಗಳ ಕಾಲೇಜುಗಳಿಗೆ ಸೇರಿದಂತೆ ಹಗಲಿನ ತರಬೇತಿನ ಶಾಲೆಗಳು ಆರಂಭವಾದುವು. ಮತೀಯ ಸಂಸ್ಥೆಗಳ ವಸತಿಶಾಲೆಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಈಗ ಪದವೀಧರರಾಗತಕ್ಕವರ ಮಗ್ಗುಲಲ್ಲಿ ಕುಳಿತು ಓದಿದರು. 1911ರಲ್ಲಿ ಮೂರು ವರ್ಷ ಪದವಿಯ ಓದು, ಆಮೇಲೆ ಒಂದು ವರ್ಷ ಬೋಧನೆಯ ತರಬೇತು ಎಂಬ ನಾಲ್ಕು ವರ್ಷಗಳ ಕ್ರಮವು ಅಂಗೀಕೃತವಾಯಿತು. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಜಾನ್ ಡ್ಯೂಯಿಯು 1896ರಲ್ಲಿ ತೆರೆದ ಪ್ರಯೋಗಶಾಲೆಯು ಹರ್ಬಾರ್ಟನ ಹಳೆಯ ಯೋಚನೆಯನ್ನೇ ದೊಡ್ಡದಾಗಿ ಮಾಡಿ ತೋರಿಸಿತು. ಆ ದೇಶದ ಕಥೆಯನ್ನು ಬರೆಯಹೊರಟರೆ ಅದೇ ಒಂದು ಗ್ರಂಥವಾದೀತು.

ಇನ್ನು ನಮ್ಮ ದೇಶ. ಮರಳಿನ ಶಾಲೆಯನ್ನು ಹುಟ್ಟಿಸಿದ ಮದರಾಸೇ ಇಲ್ಲಿಯೂ ಮುಂದಾಯಿತು. 1854ರ ವುಡ್ಡನ ಆಜ್ಞಾಪತ್ರದಲ್ಲಿ ಉಪಾಧ್ಯಾಯರ ತರಬೇತಿಗೆ ಶಾಲೆಗಳಾಗಬೇಕೆಂದು ಹೇಳಿದ ಎರಡು ವರ್ಷಗಳಲ್ಲಿಯೇ ಅಲ್ಲಿ ಸರ್ಕಾರದ ನಾರ್ಮಲ್ ಶಾಲೆ ಏರ್ಪಟ್ಟಿತು. 1882ರಲ್ಲಿ ಹಂಟರ್ ಆಯೋಗವು ವಿಚಾರಿಸಿದಾಗ ಇಡೀ ದೇಶದಲ್ಲಿ ಪ್ರೌಢಶಾಲೆಯ ಉಪಾಧ್ಯಾಯರಿಗಾಗಿ ಇದ್ದ ಕಾಲೇಜುಗಳು ಎರಡೇ: ಮದರಾಸು ಮತ್ತು ಲಾಹೋರು. ಅದಾದ ಕೆಲವೇ ವರ್ಷಗಳಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಎಲ್. ಟಿ. ಎಂಬ ಪದವಿಯನ್ನು ಏರ್ಪಡಿಸಿತು; ಸೈದಾಪೇಟೆಯ ಕಾಲೇಜು ಅದರ ತವರು. ಹೆಸರಿನ ಮುಂದೆ ಬಿ. ಎ., ಎಲ್. ಟಿ. ಎಂದು ಬರೆದುಕೊಂಡವರನ್ನು ನಮ್ಮ ತಂದೆಯವರ ಕಾಲದಲ್ಲಿ ಜನ ಎದ್ದು ನಿಂತು ಗೌರವಿಸುತ್ತಿದ್ದರು.

ಮುಂದೆ 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರೂ 1910ರಲ್ಲಿ ಈ ಸೈದಾಪೇಟೆಗೆ ತರಬೇತಿಗಾಗಿ ಹೋಗಬೇಕಾಯಿತು. ಮನಶ್ಶಾಸ್ತ್ರದ ಪಾಠವನ್ನು ಅವರು ಕೇಳಬೇಕಾದುದಿಲ್ಲವೆಂದು ಕಂಡುಕೊಂಡ ಅಲ್ಲಿನ ಪ್ರಾಧ್ಯಾಪಕರು, ಸಹಪಾಠಿಗಳಿಗೆ ಅದನ್ನು ಹೇಳುವ ಕೆಲಸವನ್ನೇ ಅವರಿಗೆ ಒಪ್ಪಿಸಿದರಂತೆ; ಆ ಉಪನ್ಯಾಸಗಳು 1912ರಲ್ಲಿ ಪುಸ್ತಕವಾಗಿ ಹೊರಬಂದುವು. ಶಿಷ್ಯನಿಂದ ಶಿಷ್ಯರಿಗೆ ಪಾಠ! ಬೆಲ್ಲನ ಕ್ರಮವು ವಿಶ್ವವಿದ್ಯಾನಿಲಯದ ತರಬೇತಿನ ಕಾಲೇಜಿನೊಳಕ್ಕೂ ಹೀಗೆ ಒಮ್ಮೆ ನುಸುಳಿಬಂದಿತು. ಆದರೆ ಎಲ್ಲ ಫ್ರಿಸ್ಕನ್ನರೂ ರಾಧಾಕೃಷ್ಣನ್ನರಾಗುವುದಿಲ್ಲ.

1917ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ವಿಚಾರಣೆಗೆ ಬಂದ ಸರ್ ಮೈಕೇಲ್ ಸ್ಯಾಡ್ಲರ್ ತಾನೇ ಮೊದಲು ಮ್ಯಾಂಚೆಸ್ಟರಿನಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ವಿಶ್ವವಿದ್ಯಾನಿಲಯಗಳೊಳಗೆ ಶಿಕ್ಷಣವಿಭಾಗಗಳು ಏರ್ಪಡಬೇಕೆಂದೂ ಶಿಕ್ಷಣಶಾಸ್ತ್ರವು ಇತರ ವಿಷಯಗಳಂತೆ ಪದವಿಯ ಓದಿನಲ್ಲಿ ಸೇರಬೇಕೆಂದೂ ಅವನ ಆಯೋಗವು ಸಲಹೆಮಾಡಿತು. ವಿಭಾಗಗಳು ಬಂದುವು. ಆದರೂ 1964ರಿಂದ 1966ರವರೆಗೆ ಕುಳಿತ ಕೊಠಾರಿ ಆಯೋಗವು ನೋಡಿದಾಗ ಉಪಾಧ್ಯಾಯರ ತರಬೇತಿಯು ಮೂರು ಕಡೆಯಿಂದಲೂ ಒಂಟಿಯಾಗಿದ್ದಿತು: ವಿಶ್ವವಿದ್ಯಾನಿಲಯದ ಜೀವನದಿಂದ ದೂರ, ಶಾಲೆಗಳ ನಿತ್ಯಜೀವನದಿಂದ ದೂರ, ಒಂದು ತರಬೇತಿನ ಸಂಸ್ಥೆಯಿಂದ ಮತ್ತೊಂದು ದೂರ. ಎಡಿನ್‌ಬರೋವಿನ ಬೀದಿಗಳು ಇಲ್ಲಿ ಯೋಜನಗಳಾಗಿದ್ದುವು. ಈ ದೂರವನ್ನು ಕಡಿಮೆಮಾಡುವ ಒಂದು ಒಳ್ಳೆಯ ಪ್ರಯತ್ನ ನಮ್ಮ ಮೈಸೂರಿನಲ್ಲಿಯೇ ಅಷ್ಟರೊಳಗೆ ಆರಂಭವಾಗಿತ್ತು. 1963ರಲ್ಲಿ ಅಜಮೀರ, ಭೂಪಾಲ, ಭುವನೇಶ್ವರಗಳ ಜೊತೆಗೆ ಮೈಸೂರಿನಲ್ಲಿಯೂ ತೆರೆದ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ, ವಿಷಯದ ಓದನ್ನೂ ಬೋಧನೆಯ ಓದನ್ನೂ ಮೊದಲನೆಯ ವರ್ಷದಿಂದಲೇ ಹೆಣೆದ ನಾಲ್ಕು ವರ್ಷಗಳ ಪದವಿಯು ನಡೆಯಿತು. ಮಗ್ಗುಲಲ್ಲಿಯೇ ಪ್ರಯೋಗಕ್ಕೆಂದು ಶಾಲೆಯಿದ್ದಿತು. ಮೊದಲು ಭೌತಶಾಸ್ತ್ರವನ್ನು ಮುಗಿಸಿ, ಆಮೇಲೆ ಅದನ್ನು ಕಲಿಸುವುದನ್ನು ಕಲಿಯುವುದಲ್ಲ. ಕಲಿಯುವಾಗಲೇ ಇದನ್ನು ಮಗುವಿಗೆ ಹೇಗೆ ಹೇಳಲಿ ಎಂದು ಯೋಚಿಸುವುದು. ಅರವತ್ತು ವರ್ಷಗಳ ಹಿಂದೆ ನಾಲ್ಕು ಊರುಗಳಲ್ಲಿ ನಡೆದುದನ್ನೇ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ಇಡೀ ದೇಶಕ್ಕೆ ನಿಯಮವಾಗಿಸಬೇಕೆಂದು ಹೇಳಿರುವುದು.

ಈಗ ನನ್ನ ಮಾತನ್ನೂ ಸ್ವಲ್ಪ ಹೇಳಬೇಕಾಗಿದೆ. 1984ರಲ್ಲಿ ನಾನು ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತನಾಗಿ ಸೇರಿದಾಗ ಸಿದ್ಧಾಂತಕೌಮುದಿಯು ನಾಲಗೆಯ ಮೇಲಿತ್ತು. ಎಂಟನೆಯ ತರಗತಿಯ ನಲವತ್ತು ಮಕ್ಕಳಿಗೆ ಮೊದಲ ವಾರವೇ ಸವರ್ಣದೀರ್ಘಸಂಧಿಯ ಸೂತ್ರವನ್ನು ಹೇಳಿ, ಪದಚ್ಛೇದಮಾಡಿ, ಅನುವೃತ್ತಿಯನ್ನು ತೋರಿಸಿದೆನು. ಮಕ್ಕಳು ಗೌರವದಿಂದ ಕೇಳಿದರು. ಪರೀಕ್ಷೆಯಲ್ಲಿ ಮೂವರಿಗೆ ಬಂದಿತ್ತು. ಮಕ್ಕಳ ಬುದ್ಧಿ ಮಂದವೆಂದು ನಾನು ತೀರ್ಮಾನಿಸಿದೆನು. ಆರು ವರ್ಷಗಳ ಕಾಲ ಈ ತೀರ್ಮಾನ ನನ್ನನ್ನು ಬಿಡಲಿಲ್ಲ. ಆ ಆರು ವರ್ಷಗಳ ಮಕ್ಕಳಿಗೆ ನಾನು ಋಣಿ. ಆಮೇಲೆ ಖಾಸಗಿಯಾಗಿ ಬಿ. ಎ. ಮುಗಿಸಿದ್ದ ನನ್ನನ್ನು ಬಿ. ಎಡ್.ಗೆ ಕಳುಹಿಸಿದರು. ಅಲ್ಲಿನ ಉಪನ್ಯಾಸಗಳಲ್ಲಿ ನನಗೆ ನೆನಪಿರುವುದು ಕಡಿಮೆ. ಅಭ್ಯಾಸಪಾಠವೊಂದರಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವೃದ್ಧ ಅಧ್ಯಾಪಕರು ನನ್ನ ಟಿಪ್ಪಣಿಯ ಪುಸ್ತಕದಲ್ಲಿ, ಮಕ್ಕಳಿಗೆ ಗೊತ್ತಿರುವ ದೇವಾಲಯ, ವಿದ್ಯಾಲಯ ಎಂಬ ಮಾತುಗಳನ್ನು ಮೊದಲು ಬಿಡಿಸಲು ಕೊಡಿರಿ, ಸೂತ್ರವನ್ನು ಅವರೇ ಕೇಳುವರು, ಎಂದು ಬರೆದರು. ಅಷ್ಟೆ. ಆ ಮಾತು ಮೊದಲ ವರ್ಷವೇ ದೊರೆತಿದ್ದರೆ!

2015ರಿಂದ ಬಿ. ಎಡ್. ಪದವಿಯು ಎರಡು ವರ್ಷಗಳದ್ದಾಗಿ, ವಿದ್ಯಾರ್ಥಿಗಳು ಹದಿನಾರು ವಾರ ಶಾಲೆಯಲ್ಲಿಯೇ ಇದ್ದು ಕೆಲಸಮಾಡಬೇಕೆಂಬ ವಿಧಿ ಬಂದಿತು. ಇದು ಬಹು ಉಚಿತವಾದ ವಿಧಿಯೆಂದು ನಾನು ಈಗಲೂ ಹೇಳುವೆನು. 2020ರಲ್ಲಿ ನಾನು ನಿವೃತ್ತನಾಗುವುದಕ್ಕೆ ಮೊದಲಿನ ಕೆಲವು ವರ್ಷಗಳಲ್ಲಿ ಇಂಥ ಶಿಕ್ಷಣಾರ್ಥಿಗಳು ನಮ್ಮ ಶಾಲೆಗೂ ಬರುತ್ತಿದ್ದರು. ಅವರನ್ನು ನಾವು ನಡೆಸಿಕೊಂಡ ರೀತಿಯು ಹೇಳಿಕೊಳ್ಳುವಂಥದಲ್ಲ. ಉಪಾಧ್ಯಾಯರೊಬ್ಬರು ರಜೆ ಹಾಕಿದರೆ ಆ ತರಗತಿಗೆ ಶಿಕ್ಷಣಾರ್ಥಿ; ಗಣತಿಯ ಕೆಲಸ ಬಂದರೆ ಆ ತರಗತಿಗೂ ಶಿಕ್ಷಣಾರ್ಥಿ. ಗದ್ದಲವಾಗದಂತೆ ನೋಡಿಕೊಂಡರೆ ಸಾಕು. ಅವರ ಕಾಲೇಜಿನಿಂದ ಅಧ್ಯಾಪಕರು ಬಂದುದು ಒಮ್ಮೆ. ಸಹಿ ಹಾಕಿ ಚಹಾ ಕುಡಿದು ಹೋದರು. ಎಗ್ಮೂರಿನ ಫ್ರಿಸ್ಕನ್ನನನ್ನು ನಾವು ಇನ್ನೂರು ವರ್ಷಗಳ ಮೇಲೆ ಪುನಃ ನೇಮಿಸಿಕೊಂಡಿದ್ದೆವು. ಈ ಸಲ ಅವನಿಗೆ ಇಪ್ಪತ್ತೆರಡು ವರ್ಷ, ಕೈಯಲ್ಲಿ ಒಂದು ಪದವಿ.

ಅವರಲ್ಲಿ ಒಬ್ಬ ಹೆಣ್ಣುಮಗಳು ಹನ್ನೊಂದನೆಯ ವಾರದಲ್ಲಿ ನನ್ನ ಬಳಿಗೆ ಬಂದು, ಗುಣಸಂಧಿಯನ್ನು ಹೇಳಬೇಕು, ನಾನು ಹೇಳುವಾಗ ತಾವು ಹಿಂದೆ ಕುಳಿತು ನೋಡುವಿರಾ ಎಂದು ಕೇಳಿದಳು. ಮೂವತ್ತು ವರ್ಷಗಳಿಗೆ ಮೀರಿದ ನನ್ನ ಸೇವೆಯಲ್ಲಿ ಹಾಗೆಂದು ನನ್ನನ್ನು ಕೇಳಿದವರು ಅವಳೊಬ್ಬಳೇ. ಕುಳಿತು ನೋಡಿದೆನು. ಪಾಠ ಮುಗಿದ ಮೇಲೆ ನಾವಿಬ್ಬರೂ ಸಂಜೆ ಐದರವರೆಗೆ ಅದೇ ಕೊಠಡಿಯಲ್ಲಿ ಉದಾಹರಣೆಗಳ ಪಟ್ಟಿಯನ್ನು ಮಾಡಿದೆವು; ಮಹೋತ್ಸವ, ಸೂರ್ಯೋದಯ, ಪರೋಪಕಾರ ಎಂದು ಅವಳು ಬರೆಯುತ್ತಾ ಹೋದಳು. ಪರಮೇಶ್ವರ ಎಂಬುದನ್ನು ಮೊದಲಿಗೆ ಇಡುವುದೋ ಕೊನೆಗೆ ಇಡುವುದೋ ಎಂಬಲ್ಲಿ ನಮಗೆ ಭಿನ್ನಾಭಿಪ್ರಾಯ ಬಂದಿತು. ಮರುದಿನ ಅವಳು ತನ್ನ ಎಣಿಕೆಯಂತೆ ಕೊನೆಗಿಟ್ಟಳು, ಅವಳದೇ ಸರಿಯಾಗಿತ್ತು.